ಹಿನ್ನೀರ ದಂಡೆಯ ಆಸ್ಪತ್ರೆಯಲ್ಲಿ ಬೆಳಕಿನ ಲೆಕ್ಕ

ಸಾಗರದಿಂದ ಶರಾವತಿ ಹಿನ್ನೀರಿನ ಕಡೆಗೆ ಇಳಿಯುವ ದಾರಿಯಲ್ಲಿ, ಅಡಿಕೆ ತೋಟಗಳ ಅಂಚಿಗೆ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಮುಂದೆ ತಗಡಿನ ಚಪ್ಪರ, ಅದರಡಿ ಉದ್ದನೆಯ ಎರಡು ಬೆಂಚು. ಆಷಾಢದ ಮಳೆ ತಗಡಿನ ಮೇಲೆ ಬೀಳುವ ಸದ್ದಿಗೆ ನರ್ಸಮ್ಮ ಹೆಸರು ಕೂಗುವುದು ಎರಡನೇ ಸಲಕ್ಕೆ ಕೇಳಿಸುತ್ತದೆ. ಅಂದು ತಿಂಗಳ ಒಂಬತ್ತನೇ ತಾರೀಕು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ, ಪ್ರತಿ ತಿಂಗಳ ಈ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಕೊಡೆಗಳನ್ನು ಮೂಲೆಗೆ ಒರಗಿಸಿ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಹೆಂಗಸರು ಕೂತಿದ್ದಾರೆ. ಹಲವರು ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿಯೇ ಬಂದವರು.

ನಾನು ನೋಡಲು ಬಂದದ್ದು ಇಲ್ಲಿನ ಮೇಜುಗಳ ಮೇಲಿರುವ ಪುಟ್ಟ ಯಂತ್ರಗಳನ್ನು. ಬೆಳಕನ್ನು ಹಾಯಿಸಿ, ಎಷ್ಟು ಆಚೆ ದಾಟಿತು, ಎಷ್ಟು ಮರಳಿತು, ಯಾವ ಬಣ್ಣದಲ್ಲಿ ಹೊಳೆಯಿತು ಎಂದು ಅಳೆದು ದೇಹದ ಸ್ಥಿತಿ ಹೇಳುವ ಯಂತ್ರಗಳವು. ಈ ಕೆಲಸಕ್ಕೆ ಹಿಂದೆಲ್ಲ ದೊಡ್ಡ ಲ್ಯಾಬು, ಕತ್ತಲ ಕೋಣೆ, ಹವಾನಿಯಂತ್ರಣ ಬೇಕಿತ್ತು. ಈಗ ಅಂಗೈಯಲ್ಲಿ ಹಿಡಿಯುವಷ್ಟಾಗಿ ಹಳ್ಳಿಗೆ ಬಂದಿವೆ. ಬಂದವು ಸರಿ, ಇಲ್ಲಿನ ಮಳೆ, ಇಲ್ಲಿನ ಕರೆಂಟು, ಇಲ್ಲಿನ ಕೈಗಳ ನಡುವೆ ಹೇಗೆ ಬದುಕುತ್ತಿವೆ ಎಂಬುದು ನನ್ನ ಕುತೂಹಲ.

ಲ್ಯಾಬ್ ಅಂದರೆ ಒಂದೇ ಕೋಣೆ. ಕಿಟಕಿಗೆ ಹೊಂದಿಕೊಂಡು ಕಡಪ ಕಲ್ಲಿನ ಕಟ್ಟೆ, ಅದರ ಮೇಲೆ ಸೂಕ್ಷ್ಮದರ್ಶಕ, ಬಣ್ಣದ ಬಾಟಲಿಗಳು, ಉಪಯೋಗಿಸಿದ ಸೂಜಿ ಹಾಕುವ ಬಿಳಿ ಡಬ್ಬಿ. ಟೆಕ್ನಿಷಿಯನ್ ನಡುವಯಸ್ಸಿನ ಹೆಂಗಸು. ಕಪಾಟಿನ ಮೇಲಿನ ಅರೆಯಿಂದ ಒಂದು ಹಳೆಯ ಪೆಟ್ಟಿಗೆ ಇಳಿಸಿ ಮೊದಲು ಅದನ್ನೇ ತೋರಿಸಿದರು. ಸಾಹ್ಲಿ ಹಿಮೋಗ್ಲೋಬಿನ್ ಮಾಪಕ. ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ಸಾಹ್ಲಿ ರೂಪಿಸಿದ್ದು, ನಮ್ಮ ಆಸ್ಪತ್ರೆಗಳಲ್ಲಿ ತಲೆಮಾರುಗಳ ಕಾಲ ರಕ್ತಹೀನತೆ ಅಳೆದದ್ದು ಇದರಲ್ಲೇ. ಸಪೂರ ಗಾಜಿನ ಕೊಳವೆಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ 20 ಮೈಕ್ರೋಲೀಟರ್ ರಕ್ತ. ಸ್ವಲ್ಪ ಹೊತ್ತಿಗೆ ಕೆಂಪು ಹೋಗಿ ಕಂದಾಗುತ್ತದೆ. ಅಕ್ಕಪಕ್ಕದ ಕಂದು ಗಾಜಿನ ಪಟ್ಟಿಗಳಿಗೆ ಸರಿಹೊಂದುವವರೆಗೆ ಹನಿ ಹನಿ ನೀರು ಸೇರಿಸಿ, ಕೊಳವೆಯ ಮೇಲಿನ ಗೆರೆ ಓದಬೇಕು. ಅದೂ ಬೆಳಕಿನ ಪರೀಕ್ಷೆಯೇ. ಆದರೆ ಬೆಳಕು ಕಿಟಕಿಯದು, ಅಳೆಯುವುದು ಕಣ್ಣು.

‘ಬಿಸಿಲಲ್ಲಿ ಒಂದು ತೋರ್ತದೆ, ಮಳೆ ಮೋಡದಲ್ಲಿ ಇನ್ನೊಂದು ತೋರ್ತದೆ ಮಾರಾಯ್ರೆ’ ಎಂದರು ಅವರು. ‘ಸಂಜೆ ಹೊತ್ತಿಗೆ ಕಣ್ಣು ಸೋತು, ಎಲ್ರಿಗೂ ಹತ್ತು ಅಂತ ಬರೀಬೇಕು ಅನ್ನಿಸ್ತಿತ್ತು.’

ಎಲ್ಲರಿಗೂ ಹತ್ತು ಎಂದು ಬರೆದರೆ ಏನಾಗುತ್ತದೆ? ಗರ್ಭಿಣಿಗೆ ಡೆಸಿಲೀಟರ್ ರಕ್ತದಲ್ಲಿ 11 ಗ್ರಾಂ ಹಿಮೋಗ್ಲೋಬಿನ್ ಇರಬೇಕು. 10ರಿಂದ 10.9 ಇದ್ದರೆ ಸಣ್ಣ ಮಟ್ಟದ ರಕ್ತಹೀನತೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ಹೋದರೆ ತೀವ್ರ. ಸಣ್ಣ ಮಟ್ಟದವರಿಗೆ ಕಬ್ಬಿಣಾಂಶದ ಮಾತ್ರೆಯಲ್ಲೇ ಮುಂದುವರಿಯಬಹುದು. ತೀವ್ರವಾದವರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಅವರಿಗಿರುವುದಿಲ್ಲ. ಅಂದಾಜಿನಲ್ಲಿ ಬರೆದ ‘ಹತ್ತು’ ಒಬ್ಬ ಬಾಣಂತಿಯ ಜೀವದ ಮೇಲೆ ಬಂದು ಕೂರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇ. 47.8. ಆ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಎಂದೇ ಲೆಕ್ಕ ಹಿಡಿಯಬೇಕು. 2018ರ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮ ಡಿಜಿಟಲ್ ಹಿಮೋಗ್ಲೋಬಿನ್ ಮಾಪಕದಲ್ಲೇ ಪರೀಕ್ಷಿಸಿ, ಅಲ್ಲೇ ಚಿಕಿತ್ಸೆ ಆರಂಭಿಸಿ ಎಂದು ಹೇಳಿದ್ದು ಇದಕ್ಕೇ.

ಈಗಿನ ಮಾಪಕ ಕೈಮುಷ್ಟಿಗಿಂತ ಸ್ವಲ್ಪ ದೊಡ್ಡದು. ಇವುಗಳಲ್ಲಿ ಎರಡು ಬಗೆ: ರಕ್ತ ಹೀರಿದ ಪಟ್ಟಿಯ ಮೇಲೆ ಬೆಳಕು ಬಿಟ್ಟು ಮರಳುವುದನ್ನು ಅಳೆಯುವಂಥವು, ಪಾರದರ್ಶಕ ಬಿಲ್ಲೆಯಲ್ಲಿ ತುಂಬಿದ ರಕ್ತದ ಮೂಲಕ ಬೆಳಕು ಹಾಯಿಸುವಂಥವು. ಎರಡನೆಯ ಬಗೆಯನ್ನು ಜಗತ್ತಿಗೆ ಪರಿಚಯಿಸಿದ್ದು ಸ್ವೀಡನ್ನಿನ ಹಿಮೋಕ್ಯೂ. ಅದರ ಬಿಲ್ಲೆಗೆ 10 ಮೈಕ್ರೋಲೀಟರ್ ರಕ್ತ ಸಾಕು. ತುದಿಯನ್ನು ರಕ್ತದ ಹನಿಗೆ ತಾಗಿಸಿದರೆ ತಾನಾಗಿ ಹೀರಿಕೊಳ್ಳುತ್ತದೆ. ಒಳಗೋಡೆಗೆ ಮೊದಲೇ ಲೇಪಿಸಿದ ಒಣ ರಾಸಾಯನಿಕಗಳು ಕೆಂಪು ರಕ್ತಕಣಗಳನ್ನು ಒಡೆದು, ಹೊರಬಂದ ಹಿಮೋಗ್ಲೋಬಿನ್ನನ್ನು ಸ್ಥಿರ ಬಣ್ಣದ ಒಂದು ಸಂಯುಕ್ತವನ್ನಾಗಿ ಮಾರ್ಪಡಿಸುತ್ತವೆ. ಅದರ ಮೂಲಕ 570 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯುತ್ತದೆ. ಕಷಾಯ ದಟ್ಟವಾದಷ್ಟೂ ಲೋಟದಾಚೆಯ ಬೆರಳು ಮಸುಕಾಗುವ ಹಾಗೆ, ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ಆಚೆ ಬರುವ ಬೆಳಕು ಕಡಿಮೆ. ಎಷ್ಟು ಕಡಿಮೆ ಎಂಬುದರ ಗಣಿತ ಬಹಳ ಹಳೆಯದು. 1729ರಲ್ಲಿ ಪಿಯರ್ ಬೂಗೇರ್, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಆಗಸ್ಟ್ ಬಿಯರ್ ಒಬ್ಬರ ಮೇಲೊಬ್ಬರು ಕಟ್ಟಿದ ನಿಯಮ ಅದು. ಬೂಗೇರ್‌ನ ಕಾಲಕ್ಕೆ ಇಲ್ಲಿ ಇಕ್ಕೇರಿಯ ನಾಯಕರ ಆಳ್ವಿಕೆ!

ಬಿಲ್ಲೆಯ ಮೂಲಕ ಇನ್ನೊಂದು ಬೆಳಕೂ ಹಾಯುತ್ತದೆ, 880 ನ್ಯಾನೋಮೀಟರಿನದು, ನಮ್ಮ ಕಣ್ಣಿಗೆ ಕಾಣದ ಅವಕೆಂಪು. ಈ ಜಾಣತನ ನನಗೆ ಬಹಳ ಹಿಡಿಸಿತು. ರಕ್ತದಲ್ಲಿ ಕೊಬ್ಬಿನ ಕಣಗಳಿರುತ್ತವೆ, ಬಿಳಿ ರಕ್ತಕಣಗಳಿರುತ್ತವೆ. ಅವೂ ಬೆಳಕನ್ನು ಚದುರಿಸುತ್ತವೆ, ಯಂತ್ರ ಅದನ್ನೂ ಹಿಮೋಗ್ಲೋಬಿನ್ ಎಂದುಕೊಳ್ಳಬಹುದು. 880ರಲ್ಲಿ ಆ ಸಂಯುಕ್ತ ಬೆಳಕನ್ನು ಹೀರುವುದೇ ಇಲ್ಲ ಎನ್ನಬಹುದು. ಹಾಗಾಗಿ ಅಲ್ಲಿ ಕಾಣೆಯಾದ ಬೆಳಕೆಲ್ಲ ಮಬ್ಬಿನದು. ಅದನ್ನು ಮೊದಲಿನದರಿಂದ ಕಳೆದರೆ ನಿಜವಾದ ಲೆಕ್ಕ ಸಿಗುತ್ತದೆ. ಒಂದು ನಿಮಿಷದೊಳಗೆ ಸಂಖ್ಯೆ ಮೂಡುತ್ತದೆ.

ಯಂತ್ರದ ಜಾಣತನ ಅಷ್ಟು. ಉಳಿದದ್ದು ಕೈಯದು. ನಾನು ಹೆಚ್ಚು ಹೊತ್ತು ನೋಡಿದ್ದೂ ಆ ಕೈಯನ್ನೇ. ಮೊದಲು ಟೆಕ್ನಿಷಿಯನ್ ಮಳೆಯಲ್ಲಿ ನೆನೆದು ಬಂದ ಗರ್ಭಿಣಿಯ ತಣ್ಣಗಾದ ಬೆರಳುಗಳನ್ನು ತಮ್ಮ ಎರಡೂ ಅಂಗೈ ನಡುವೆ ಇಟ್ಟು ಬೆಚ್ಚಗೆ ಮಾಡಿದರು. ನಡುಬೆರಳು ಅಥವಾ ಉಂಗುರ ಬೆರಳು. ತುದಿಗಲ್ಲ, ಸ್ವಲ್ಪ ಪಕ್ಕಕ್ಕೆ ಚುಚ್ಚಬೇಕು. ಸ್ಪಿರಿಟ್ ಪೂರ್ತಿ ಆರಬೇಕು. ಮೊದಲ ಹನಿ ಬಂದದ್ದನ್ನು ಒಣ ಹತ್ತಿಯಲ್ಲಿ ಒರೆಸಿದರು. ಮತ್ತೊಂದು ಹನಿ ತಾನಾಗಿ ಉಬ್ಬುವವರೆಗೆ ಕಾದರು. ಹಿಂಡಲಿಲ್ಲ. ಹಿಂಡಿದರೆ ಅಂಗಾಂಶದ ನೀರು ರಕ್ತಕ್ಕೆ ಬೆರೆತು ತೆಳುವಾಗುತ್ತದೆ, ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಬಿಲ್ಲೆ ಒಂದೇ ಸಲಕ್ಕೆ ತುಂಬಬೇಕು. ಹೊರಗೆ ಅಂಟಿದ ರಕ್ತ ಒರೆಸಿ, ಕಿಟಕಿಯ ಕಡೆ ಹಿಡಿದು, ನಡುವೆ ಗಾಳಿಗುಳ್ಳೆ ಇದೆಯೇ ಎಂದು ನೋಡಿದರು. ಗುಳ್ಳೆ ಇದ್ದರೆ ಆ ಬಿಲ್ಲೆ ಎಸೆಯಬೇಕು. ‘ಎಸೆಯೋಕೆ ಮನಸ್ಸು ಬರೋದಿಲ್ಲ. ಲೆಕ್ಕ ಕೊಡ್ಬೇಕಲ್ಲ’ ಎಂದರು. ಎಸೆದರು.

ಬಿಲ್ಲೆಯ ಡಬ್ಬಿಯ ಮುಚ್ಚಳವನ್ನು ಅವರು ಪ್ರತಿ ಸಲವೂ ಒತ್ತಿ ಮುಚ್ಚುವುದನ್ನು ಗಮನಿಸಿದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಪ್ಪಳ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬಿಲ್ಲೆಯೊಳಗಿನ ಒಣ ರಾಸಾಯನಿಕಕ್ಕೆ ತೇವವೇ ಶತ್ರು. ಮುಚ್ಚಳ ಸಡಿಲಿದ್ದ ಡಬ್ಬಿಯ ಬಿಲ್ಲೆಗಳು ನೋಡಲು ಹೊಸದರಂತೆಯೇ ಇರುತ್ತವೆ, ಸಂಖ್ಯೆ ಮಾತ್ರ ಸುಳ್ಳಾಗುತ್ತದೆ. ಡಬ್ಬಿ ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆದಿಟ್ಟಿದ್ದರು; ಮೂರು ತಿಂಗಳ ಮೇಲೆ ಆ ಬಿಲ್ಲೆಗಳನ್ನು ಬಳಸುವಂತಿಲ್ಲ. ಬೆಂಗಳೂರಿನ ಹವಾನಿಯಂತ್ರಿತ ಲ್ಯಾಬಿನಲ್ಲಿ ಈ ಎಚ್ಚರಿಕೆ ಪುಸ್ತಕದ ಮಾತು. ಆಗುಂಬೆ, ಹೊಸನಗರ, ಸಾಗರದ ಸೀಮೆಯಲ್ಲಿ ಇದೇ ಪರೀಕ್ಷೆಯ ಜೀವಾಳ.

ಪಕ್ಕದ ಕೋಣೆಯಲ್ಲಿ ವೈದ್ಯರು. ಅವರ ಮೇಜಿನ ಮೇಲೆ, ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಲ್ಸ್ ಆಕ್ಸಿಮೀಟರ್. 2021ರ ಆ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಇದನ್ನು ಚೀಲದಲ್ಲಿಟ್ಟುಕೊಂಡು ಗದ್ದೆ ಬದು ಹಾದು ಹೋದದ್ದನ್ನು ಊರವರು ಮರೆತಿಲ್ಲ. 94ಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆ ಎಂಬುದು ಓದು ಬಾರದವರ ಬಾಯಲ್ಲೂ ಇತ್ತು.

ಅದರ ಹುಟ್ಟಿನ ಕಥೆ ಹೇಳಲೇಬೇಕು. ಜಪಾನಿನ ನಿಹಾನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿ, ಹೃದಯ ಎಷ್ಟು ರಕ್ತ ಹೊರಚಿಮ್ಮುತ್ತದೆ ಎಂಬುದನ್ನು ಕಿವಿಯ ಹಾಲೆಯ ಮೂಲಕ ಬೆಳಕು ಬಿಟ್ಟು ಅಳೆಯುವ ಪ್ರಯತ್ನದಲ್ಲಿದ್ದರು. ನಾಡಿ ಬಡಿದಾಗಲೆಲ್ಲ ಬೆಳಕಿನ ರೇಖೆ ಅಲುಗಿ ಅವರ ಲೆಕ್ಕ ಕೆಡುತ್ತಿತ್ತು. ಆ ಅಲುಗಾಟವನ್ನು ಅಳಿಸಲು ಎರಡು ತರಂಗಾಂತರದ ಬೆಳಕು ಬಳಸಿ ನೋಡುವಾಗ ಅವರಿಗೆ ಹೊಳೆಯಿತು: ರಕ್ತದ ಆಮ್ಲಜನಕ ಬದಲಾದಾಗ ಈ ಅಲುಗಾಟ ಅಳಿಯುವುದಿಲ್ಲ, ಹಾಗಿದ್ದರೆ ಆಮ್ಲಜನಕದ ಸುದ್ದಿ ಇದರಲ್ಲೇ ಇದೆ. 1974ರಲ್ಲಿ ಅದನ್ನು ಲೋಕದ ಮುಂದಿಟ್ಟರು. ಬೆರಳಿನೊಳಗೆ ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕು ಹೀರುತ್ತವೆ, ಆದರೆ ಒಂದೇ ಸಮನಾಗಿ. ನಾಡಿಯೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಆ ಏರಿಳಿತವನ್ನು 660 ನ್ಯಾನೋಮೀಟರಿನ ಕೆಂಪಿನಲ್ಲೂ 940ರ ಅವಕೆಂಪಿನಲ್ಲೂ ಹೋಲಿಸಿದರೆ, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಶೇಕಡಾ ಎಷ್ಟು ಎಂದು ತಿಳಿಯುತ್ತದೆ. ಬಂದ ಅಡಚಣೆಯನ್ನೇ ಅಳತೆಗೋಲು ಮಾಡಿಕೊಂಡ ಅವೊಯಾಗಿ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಯಂತ್ರವನ್ನು ಜಗತ್ತು ಬೆರಳಿಗೆ ಕಟ್ಟಿಕೊಂಡು ಉಸಿರು ಎಣಿಸುತ್ತಿದ್ದ ತಿಂಗಳು ಅದು.

ಲೆಕ್ಕದ ಪ್ರಕಾರ ಚರ್ಮದ ಬಣ್ಣ ಇಲ್ಲಿ ಅಡ್ಡ ಬರಬಾರದು. ಆದರೆ ಬರುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದ ರೋಗಿಗಳ ಅಪಧಮನಿಯ ರಕ್ತವನ್ನೇ ತೆಗೆದು ನೋಡಿತು. ನಿಜವಾದ ಮಟ್ಟ 88ಕ್ಕಿಂತಲೂ ಕೆಳಗಿದ್ದವರು ಬಿಳಿಯರಲ್ಲಿ ಶೇ. 3.6, ಕರಿಯರಲ್ಲಿ ಶೇ. 11.7. ಕಪ್ಪು ಚರ್ಮದವರಿಗೆ ಯಂತ್ರ ‘ಪರವಾಗಿಲ್ಲ’ ಎಂದು ಹೇಳುತ್ತಿದ್ದಾಗ ಅವರಲ್ಲಿ ಕೆಲವರಿಗೆ ಆಮ್ಲಜನಕ ಸಾಲುತ್ತಿರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಜನವರಿಯಲ್ಲಿ ಹೊಸ ಕರಡು ಸೂಚನೆ ಹೊರಡಿಸಿ, ಬೇರೆ ಬೇರೆ ಮೈಬಣ್ಣದ ಹೆಚ್ಚು ಜನರ ಮೇಲೆ ಪರೀಕ್ಷಿಸಿಯೇ ಈ ಯಂತ್ರ ಮಾರಬೇಕು ಎಂದು ಕಂಪನಿಗಳಿಗೆ ಹೇಳಿತು. ಗೇಣಿ ಗದ್ದೆಯಲ್ಲಿ, ಸಮುದ್ರದ ಬಿಸಿಲಲ್ಲಿ ದುಡಿದ ನಮ್ಮ ಮೈಬಣ್ಣಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಸರ್ಕಾರ ಸಾವಿರಗಟ್ಟಲೆ ಆಕ್ಸಿಮೀಟರ್ ಕೊಳ್ಳುವಾಗ, ನಮ್ಮ ಜನರ ಚರ್ಮದ ಮೇಲೆ ಒರೆ ಹಚ್ಚಿದ ದಾಖಲೆ ಇದೆಯೇ ಎಂದು ಟೆಂಡರಿನಲ್ಲೇ ಕೇಳಬೇಕು. ಅಗ್ಗದ ಬೆಲೆಯೊಂದನ್ನೇ ನೋಡಿ ಕೊಂಡರೆ ಅದರ ಬೆಲೆ ತೆರುವವರು ಕಪ್ಪು ಮೈಯವರು.

ವೈದ್ಯರು ಇನ್ನೊಂದು ಸಂಗತಿ ಹೇಳಿದರು. ಲ್ಯಾಬಿನಲ್ಲಿ 6 ಗ್ರಾಂ ಹಿಮೋಗ್ಲೋಬಿನ್ ಬಂದ ಹೆಂಗಸಿನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 99 ತೋರಿಸಬಹುದು. ಯಂತ್ರ ತಪ್ಪು ಹೇಳುತ್ತಿಲ್ಲ. ಇರುವ ಹಿಮೋಗ್ಲೋಬಿನ್ ಪೂರ್ತಿ ಆಮ್ಲಜನಕ ಹೊತ್ತಿದೆ ಎಂದಷ್ಟೇ ಅದು ಹೇಳಬಲ್ಲದು, ಹಿಮೋಗ್ಲೋಬಿನ್ ಇರುವುದೇ ಅರ್ಧ ಎನ್ನುವುದನ್ನು ಹೇಳಲಾರದು. ‘99 ಬಂತು, ನಾನು ಆರೋಗ್ಯವಾಗಿದ್ದೇನೆ’ ಎಂದು ಹೊರಡುವವರನ್ನು ಅವರು ತಡೆದು ಲ್ಯಾಬಿಗೆ ಕಳಿಸಬೇಕಾಗುತ್ತದೆ. ಉಗುರಿಗೆ ದಟ್ಟ ಬಣ್ಣ ಹಚ್ಚಿದವರ, ಬೆರಳು ತಣ್ಣಗಾದವರ ಸಂಖ್ಯೆಯನ್ನೂ ನಂಬುವಂತಿಲ್ಲ. ಮಳೆಗಾಲದಲ್ಲಿ ಇಲ್ಲಿ ತಣ್ಣಗಾಗದ ಬೆರಳು ಯಾವುದು?

ಲ್ಯಾಬಿನ ಕಟ್ಟೆಯ ಕೊನೆಯಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಗಳು. ಗರ್ಭಿಣಿಯ ಮೂತ್ರದಲ್ಲಿ ಆಲ್ಬುಮಿನ್ ಕಂಡರೆ, ಜೊತೆಗೆ ರಕ್ತದೊತ್ತಡವೂ ಏರಿದ್ದರೆ, ನಂಜಿನ ಸೂಚನೆ, ತಡಮಾಡುವಂತಿಲ್ಲ. ಪಟ್ಟಿಯ ಬಣ್ಣವನ್ನು ಇಲ್ಲಿ ಇನ್ನೂ ಕಣ್ಣಿನಲ್ಲೇ ಓದುತ್ತಾರೆ. ಪಟ್ಟಿಗೆ ಬೆಳಕು ಬಿಟ್ಟು ಮರಳುವುದನ್ನು ಅಳೆಯುವ ಪುಟ್ಟ ಓದುಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿವೆ. ಅವು ಇಲ್ಲಿಗೂ ಬರಬೇಕು, ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಯಿತು ಎಂಬ ತೀರ್ಮಾನ ಟ್ಯೂಬ್‌ಲೈಟಿನ ಮಿಣುಕಿಗೆ ಬಿಡುವಂಥದ್ದಲ್ಲ. ಗರ್ಭಧಾರಣೆ ತಿಳಿಸುವ ‘ನಿಶ್ಚಯ್’ ಕಿಟ್, ಮಲೇರಿಯಾದ ಪಟ್ಟಿ ಪಕ್ಕದಲ್ಲೇ ಇದ್ದವು. ಇಂಥ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ್ದು. ಚಿನ್ನವನ್ನು ಕೆಲವೇ ಹತ್ತು ನ್ಯಾನೋಮೀಟರಿನಷ್ಟು ಸಣ್ಣ ಕಣಗಳಾಗಿ ಮಾಡಿದರೆ ಅದು ಹಸಿರು ಬೆಳಕನ್ನು ಹೀರಿ ಕೆಂಪಾಗಿ ಕಾಣುತ್ತದೆ. ಡ್ರಾಯರಿನಲ್ಲಿ ಗ್ಲುಕೋಮೀಟರೂ ಇತ್ತು. ಅದು ಬೆಳಕಿನ ಸಂತತಿಯಿಂದ ಹೊರಬಿದ್ದದ್ದು. 1970ರ ಮೊದಲ ಸಕ್ಕರೆ ಮಾಪಕ ಪಟ್ಟಿಯ ಬಣ್ಣವನ್ನು ಬೆಳಕಿನಲ್ಲೇ ಓದುತ್ತಿತ್ತು, ಒಂದು ಕಿಲೋಗಿಂತ ಭಾರವಿತ್ತು. ಇಂದಿನವು ರಕ್ತದ ಸಕ್ಕರೆ ಪಟ್ಟಿಯ ರಾಸಾಯನಿಕದೊಂದಿಗೆ ವರ್ತಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅಳೆಯುತ್ತವೆ.

ಅಷ್ಟರಲ್ಲಿ ಕರೆಂಟು ಹೋಯಿತು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತ ನೀರು ನಾಡಿಗೆಲ್ಲ ವಿದ್ಯುತ್ ಕೊಡುತ್ತದೆ. ಆ ನೀರಿಗಾಗಿ ಮನೆ, ಗದ್ದೆ ಬಿಟ್ಟವರ ಮೊಮ್ಮಕ್ಕಳು ಈ ಬೆಂಚಿನ ಮೇಲಿದ್ದಾರೆ. ಗಾಳಿಮಳೆಗೆ ಮರ ಬಿದ್ದು ಇಲ್ಲಿನ ತಂತಿ ಹರಿಯುವುದು ಪ್ರತಿ ವರ್ಷದ ಪಾಡು. ಹಿಮೋಗ್ಲೋಬಿನ್ ಮಾಪಕ ಬ್ಯಾಟರಿಯಲ್ಲಿ ನಡೆದೇ ಇತ್ತು, ಸರದಿ ನಿಲ್ಲಲಿಲ್ಲ. ಅಂಗೈ ಯಂತ್ರದ ನಿಜವಾದ ಬೆಲೆ ನನಗೆ ಕಂಡದ್ದು ಆ ಹೊತ್ತಿನಲ್ಲಿ.

ಮಧ್ಯಾಹ್ನದ ಮೇಲೆ ತಾಲ್ಲೂಕು ಆಸ್ಪತ್ರೆ. ಕ್ಷಯ ಪರೀಕ್ಷೆಯ ಕೋಣೆ ಹಿಂಬದಿಗೆ, ಕಿಟಕಿಗಳು ತೆರೆದಿವೆ, ಗಾಳಿ ಆಡುವಂತೆ. ಒಳಗಿರುವುದು ಟ್ರೂನ್ಯಾಟ್ ಎಂಬ ಯಂತ್ರ. ಇದು ನಮ್ಮದೇ ನೆಲದ ಕೂಸು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಚಂದ್ರಶೇಖರ ನಾಯರ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ದುಡಿದು ರೂಪಿಸಿದ್ದು. ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯದ ಮೊದಲ ಪರೀಕ್ಷೆಯಾಗಿಯೇ ಇದನ್ನು ಬಳಸಬಹುದೆಂದು ಒಪ್ಪಿತು.

ಕಫದ ಮಾದರಿಯನ್ನು ಮೊದಲ ಪೆಟ್ಟಿಗೆ ತೊಳೆದು, ಒಡೆದು, ಅದರ ಡಿಎನ್ಎ ಬೇರ್ಪಡಿಸುತ್ತದೆ. ಅದರ ಕೆಲವೇ ಮೈಕ್ರೋಲೀಟರನ್ನು ಬೆರಳುಗುರಿನಗಲದ ಚಿಪ್‌ಗೆ ಹನಿಸುತ್ತಾರೆ. ಎರಡನೇ ಪೆಟ್ಟಿಗೆಯಲ್ಲಿ ಚಿಪ್ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಪ್ರತಿ ಸುತ್ತಿಗೂ ಕ್ಷಯದ ಡಿಎನ್ಎ ಇದ್ದರೆ ಇಮ್ಮಡಿಸುತ್ತದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಸಣ್ಣ ಎಳೆಯೊಂದನ್ನು ದ್ರಾವಣದಲ್ಲಿ ಬಿಟ್ಟಿರುತ್ತಾರೆ. ಎಳೆಯ ಒಂದು ತುದಿಯಲ್ಲಿ ಹೊಳೆಯುವ ಬಣ್ಣ, ಇನ್ನೊಂದರಲ್ಲಿ ಆ ಹೊಳಪನ್ನು ನುಂಗುವ ಬಣ್ಣ. ಡಿಎನ್ಎ ನಕಲಾಗುವಾಗ ಕಿಣ್ವ ಈ ಎಳೆಯನ್ನು ಕತ್ತರಿಸುತ್ತದೆ, ನುಂಗುವವನಿಂದ ಬಿಡಿಸಿಕೊಂಡ ಬಣ್ಣ ಹೊಳೆಯುತ್ತದೆ. ಪರದೆಯ ಮೇಲೆ ಗೆರೆ ನೆಲಕ್ಕೆ ಅಂಟಿ ಸಾಗುತ್ತಿದ್ದದ್ದು ಇದ್ದಕ್ಕಿದ್ದಂತೆ ಮೇಲೇಳುವುದನ್ನು ಕಂಡೆ. ಯಾರದೋ ಶ್ವಾಸಕೋಶದಲ್ಲಿ ಕ್ಷಯವಿದೆ ಎಂಬ ಸುದ್ದಿ ಆ ಏರು. ಸಂಕಟವಾಯಿತು. ಆದರೂ ಸುದ್ದಿ ಸುಮಾರು ಒಂದು ಗಂಟೆಯಲ್ಲಿ ಸಿಕ್ಕಿತಲ್ಲ. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕೀಟಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಇರಬೇಕು. ಈ ಬಗೆಯ ಪರೀಕ್ಷೆ ನೂರರ ಆಸುಪಾಸಿನಲ್ಲೇ ಹಿಡಿಯುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಬಗ್ಗದ ಕ್ಷಯವೇ ಎಂಬುದನ್ನೂ ಮತ್ತೊಂದು ಚಿಪ್ ತಿಳಿಸುತ್ತದೆ. ಈ ಯಂತ್ರಕ್ಕೂ ಬ್ಯಾಟರಿ ಇದೆ. ಚಿಪ್‌ಗಳಿಗೆ ಫ್ರಿಜ್ ಬೇಡ.

ಇದೇ ಯಂತ್ರದಲ್ಲಿ ನಡೆಯುವಂತೆ ಮಂಗನ ಕಾಯಿಲೆಯ ಪರೀಕ್ಷೆಯನ್ನೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಒರೆಗೆ ಹಚ್ಚಿದ್ದಾರೆ. ಇದನ್ನು ಕೇಳಿ ಈ ಸೀಮೆಯವರ ಕಿವಿ ನೆಟ್ಟಗಾಗದೆ ಇರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಉಣ್ಣೆ ಕಚ್ಚಿ ಬರುತ್ತದೆ, ಚಳಿಗಾಲದಿಂದ ಮುಂಗಾರಿನವರೆಗೆ ಕಾಡುತ್ತದೆ. ಸಾಗರದ ಅರಳಗೋಡಿನ ಮನೆಗಳು 2019ರ ಸಾವುಗಳನ್ನು ಇನ್ನೂ ಹೊತ್ತಿವೆ. ರಕ್ತದ ಮಾದರಿ ದೂರದ ಲ್ಯಾಬಿಗೆ ಹೋಗಿ ಉತ್ತರ ಬರುವವರೆಗೆ ಜ್ವರ ಕಾಯುವುದಿಲ್ಲ. ಕಾಡಿನಂಚಿನ ಆಸ್ಪತ್ರೆಗಳಲ್ಲಿ, ಉಣ್ಣೆಯ ಕಾಲ ಶುರುವಾಗುವ ಮೊದಲೇ ಆ ಚಿಪ್‌ಗಳು ಇರಬೇಕು. ಇದನ್ನು ನಾನು ಬೇಡಿಕೆಯಾಗಿಯೇ ಬರೆಯುತ್ತಿದ್ದೇನೆ.

ಮಹಡಿಯಲ್ಲಿ ನವಜಾತ ಶಿಶುಗಳ ಕೋಣೆ. ನೀಲಿ ಬೆಳಕಿನಡಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಒಂದು ಕೂಸು ಮಲಗಿದೆ, ಕಾಮಾಲೆ. ನೀಲಿ ಬೆಳಕು ಚರ್ಮದಡಿಯ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಮಾರ್ಪಡಿಸಿ ದೇಹದಿಂದ ಹೊರಹೋಗುವಂತೆ ಮಾಡುತ್ತದೆ. ಇದು ಹೊಳೆದದ್ದು 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ. ಶಿಶುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದ ಸಿಸ್ಟರ್ ಜೀನ್ ವಾರ್ಡ್, ಬಿಸಿಲು ತಾಗಿದ ಮೈ ಬೆಳ್ಳಗಾಗಿ, ಬಟ್ಟೆ ಮುಚ್ಚಿದ ಭಾಗ ಹಳದಿಯಾಗಿಯೇ ಉಳಿದದ್ದನ್ನು ವೈದ್ಯರಿಗೆ ತೋರಿಸಿದರು. ಬಿಲಿರುಬಿನ್ ಅಳೆಯುವುದಕ್ಕೂ ಇಂದು ಬೆಳಕಿನ ಉಪಕರಣವಿದೆ, ಮಗುವಿನ ಹಣೆಗೋ ಎದೆಗೋ ಒತ್ತಿದರೆ ಸೂಜಿಯಿಲ್ಲದೆ ಸಂಖ್ಯೆ ಕೊಡುತ್ತದೆ. ಆದರೆ ನೀಲಿ ಬೆಳಕಿನ ಚಿಕಿತ್ಸೆ ಒಮ್ಮೆ ಶುರುವಾದರೆ ಚರ್ಮ ತಿಳಿಯಾಗಿ, ಆ ಉಪಕರಣ ರಕ್ತದಲ್ಲಿರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಹಿಮ್ಮಡಿಯಿಂದ ರಕ್ತ ತೆಗೆಯಲೇಬೇಕು.

ಒಂದು ದಿನದಲ್ಲಿ ಎರಡು ಆಸ್ಪತ್ರೆ ಸುತ್ತಿದ ಮೇಲೆ ನನ್ನ ತೀರ್ಮಾನ ಇದು. ಯಂತ್ರ ಕೊಡುವುದು ಸುಲಭದ ಕೆಲಸ, ಅದಕ್ಕೆ ಉದ್ಘಾಟನೆಯೂ ಉಂಟು, ಫೋಟೋವೂ ಉಂಟು. ಬಿಲ್ಲೆ, ಚಿಪ್, ಬ್ಯಾಟರಿ, ಸೂಜಿ ಇವು ತಿಂಗಳು ತಿಂಗಳು ಬರುತ್ತಲೇ ಇರಬೇಕು. ಗಾಳಿಗುಳ್ಳೆ ಬಂದ ಬಿಲ್ಲೆಯನ್ನು ಎಸೆಯುವ ಸ್ವಾತಂತ್ರ್ಯ ಟೆಕ್ನಿಷಿಯನ್‌ಗೆ ಇರಬೇಕು; ಇಂತಿಷ್ಟು ಬಿಲ್ಲೆಗೆ ಇಂತಿಷ್ಟೇ ಫಲಿತಾಂಶ ಎಂದು ಲೆಕ್ಕ ಕೇಳಿದರೆ ಅವರು ಗುಳ್ಳೆಯ ಸಂಖ್ಯೆಯನ್ನೇ ಬರೆಯುತ್ತಾರೆ. ನಿಗದಿತ ಸಮಯಕ್ಕೊಮ್ಮೆ ಗೊತ್ತಿರುವ ಮಾದರಿ ಹಾಕಿ ಯಂತ್ರದ ಸತ್ಯ ಪರೀಕ್ಷಿಸಬೇಕು, ಕೆಲವರ ತೋಳಿನ ರಕ್ತವನ್ನು ತಾಲ್ಲೂಕಿಗೆ ಕಳಿಸಿ ಎರಡೂ ಸಂಖ್ಯೆ ಹೋಲಿಸಬೇಕು. ಟೆಕ್ನಿಷಿಯನ್ ಹುದ್ದೆ ಖಾಲಿ ಬಿಟ್ಟು ಯಂತ್ರ ಕೊಟ್ಟರೆ ಅದು ಕಪಾಟು ಸೇರುತ್ತದೆ. ಬೆಚ್ಚಗಿನ ಎರಡು ಅಂಗೈ, ಒತ್ತಿ ಮುಚ್ಚಿದ ಮುಚ್ಚಳ, ಎಸೆದ ಒಂದು ಬಿಲ್ಲೆ – ಆ ಹಿನ್ನೀರ ದಂಡೆಯ ಲ್ಯಾಬಿನ ಸಂಖ್ಯೆಗಳನ್ನು ನಾನು ನಂಬುವುದು ಇವುಗಳಿಂದ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮೂರ ಆಸ್ಪತ್ರೆಯಲ್ಲಿ ಬೆರಳು ಕೊಡುವಾಗ ಮೊದಲ ಹನಿ ಒರೆಸಿದರೇ ನೋಡಿ, ಒರೆಸದಿದ್ದರೆ ಮೆಲ್ಲಗೆ ಹೇಳಿ. ಬಂದ ಸಂಖ್ಯೆಯನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಕ್ಸಿಮೀಟರಿಗೆ ಬಣ್ಣ ಹಚ್ಚದ ಬೆಚ್ಚನೆಯ ಬೆರಳು ಕೊಡಿ. ಏದುಸಿರಿದ್ದರೆ ಸಂಖ್ಯೆ ಚೆನ್ನಾಗಿದ್ದರೂ ವೈದ್ಯರನ್ನು ಕಾಣಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ, ಪರೀಕ್ಷೆಯೂ ಔಷಧವೂ ಉಚಿತ. ಪ್ರತಿ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ, ನಿಮ್ಮ ಗ್ರಾಮ ಪಂಚಾಯಿತಿಯವರೂ ಅದರಲ್ಲಿರುತ್ತಾರೆ. ಈ ತಿಂಗಳ ಬಿಲ್ಲೆ ಬಂದಿದೆಯೇ, ಟೆಕ್ನಿಷಿಯನ್ ಹುದ್ದೆ ತುಂಬಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಅವರ ಮುಂದಿನ ಸಭೆಯಲ್ಲಿ ದಯವಿಟ್ಟು ಕೇಳಿಸಿ.